ಎತ್ತು ಏರಿಗೆ, ಕೋಣ ನೀರಿಗೆ: ಒಂದು ಅಕ್ಷ, ಎರಡು ಮೋಟಾರು

ಬೇಲೆಕೇರಿ ಅಂದ ಕೂಡಲೇ ಪೇಪರ್ ಓದುವವರಿಗೆ ನೆನಪಾಗುವುದು ಅದಿರು. 2010ರಲ್ಲಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಕಬ್ಬಿಣದ ಅದಿರು ಕಾಣೆಯಾದ ಸುದ್ದಿ ನಾವಿನ್ನೂ ಚಿಕ್ಕವರಿದ್ದಾಗಿನದು. ನಮ್ಮ ತಂಡದ ನಾಲ್ವರಿಗೆ ಮಾತ್ರ ಆ ಊರ ಹೆಸರು ಕೇಳಿದರೆ ನೆನಪಾಗುವುದು ಒಂದು ಹಲಸಿನ ಹಲಗೆ. ಅದನ್ನು ನಾವು ಹೇಗೆ ಹಾಳು ಮಾಡಿದೆವು, ಯಾಕೆ ಹಾಳಾಯಿತು, ಆಮೇಲೆ ಏನು ಕಲಿತೆವು ಅನ್ನೋದೇ ಈ ಲೇಖನ. ಸಿಎನ್‌ಸಿ ಯಂತ್ರ ಕಟ್ಟುವ ಆಸೆ ಇರುವ ಜೂನಿಯರ್‌ಗಳು ಓದಿದರೆ ಅವರ ಹಲಗೆಯಾದರೂ ಉಳಿದೀತು.

ಮಿನಿ ಪ್ರಾಜೆಕ್ಟಿಗೆ ನಾವು ಕಟ್ಟಿದ್ದು ಮರ ಕೆತ್ತುವ ಒಂದು ಮಿಲ್ಲಿಂಗ್ ಯಂತ್ರ. ವೈವಾ ಮುಗಿದ ಮೇಲೆ ಅದು ಲ್ಯಾಬಿನ ಮೂಲೆಯಲ್ಲಿ ಧೂಳು ತಿನ್ನುತ್ತಾ ಕೂತಿತ್ತು. ನಮ್ಮಲ್ಲೊಬ್ಬನ ದೊಡ್ಡಪ್ಪನಿಗೆ ಬೇಲೆಕೇರಿಯಲ್ಲಿ ಮರಗೆಲಸದ ಶೆಡ್ ಇದೆ. ಅಂಕೋಲಾದಿಂದ ಕಾರವಾರದ ಕಡೆ ಹೋಗುವ ಹೆದ್ದಾರಿಯಲ್ಲಿ ಎಡಕ್ಕೆ ತಿರುಗಿ ಸಮುದ್ರದ ಕಡೆ ಇಳಿದರೆ ಆ ಊರು. ದೊಡ್ಡಪ್ಪ ಬಾಗಿಲು, ಕಿಟಕಿ, ದೇವರ ಮಂಟಪ ಮಾಡ್ತಾರೆ. ಮಳೆಗಾಲದಲ್ಲಿ ದೋಣಿ ರಿಪೇರಿಯೂ ಉಂಟು. "ಅಲ್ಲಿ ಧೂಳು ತಿನ್ನೂಕಿಂತ ಇಲ್ಲಿ ಮರದ ಹುಡಿ ತಿನ್ನಲಿ, ತಕಂಬನ್ನಿ" ಅಂದರು. ಟೆಂಪೋದಲ್ಲಿ ಹಾಕಿಕೊಂಡು ಹೋದೆವು.

ಒಂದೇ ಮೂಲೆ ಹಿಡಿದು ಎಳೆದರೆ

ಯಂತ್ರದ ರಚನೆ ಸರಳ. ಮರ ಮಲಗುವ ಮೇಜು ಅಲ್ಲಾಡುವುದಿಲ್ಲ. ಅದರ ಎರಡೂ ಪಕ್ಕದ ಹಳಿಗಳ ಮೇಲೆ ಒಂದು ಸೇತುವೆ ಹಿಂದೆ ಮುಂದೆ ಓಡುತ್ತೆ. ಇದಕ್ಕೆ ಗ್ಯಾಂಟ್ರಿ ಅಂತಾರೆ. ಸೇತುವೆಯ ಮೇಲೆ ಎಡಕ್ಕೆ ಬಲಕ್ಕೆ ಓಡುವ ಗಾಡಿ, ಆ ಗಾಡಿಯಲ್ಲಿ ಮೇಲೆ ಕೆಳಗೆ ಚಲಿಸುವ ಸ್ಪಿಂಡಲ್. ಎಡ-ಬಲ ಎಕ್ಸ್, ಹಿಂದೆ-ಮುಂದೆ ವೈ, ಮೇಲೆ-ಕೆಳಗೆ ಝಡ್. ಎಕ್ಸ್‌ಗೆ ಒಂದು ಮೋಟಾರು ಸಾಕು, ಝಡ್‌ಗೂ ಸಾಕು. ತಕರಾರು ಇರುವುದು ವೈ ಅಕ್ಷದ್ದು.

ಹಳೇ ಮರದ ಮೇಜಿನ ಅಗಲವಾದ ಡ್ರಾಯರನ್ನು ಒಂದೇ ಮೂಲೆ ಹಿಡಿದು ಎಳೆದು ನೋಡಿ. ಆ ಮೂಲೆ ಮುಂದೆ ಬರುತ್ತೆ, ಇನ್ನೊಂದು ಮೂಲೆ ಹಿಂದೆ ಉಳಿಯುತ್ತೆ, ಡ್ರಾಯರ್ ಓರೆಯಾಗಿ ಕಚ್ಚಿಕೊಳ್ಳುತ್ತೆ. ಎರಡೂ ಕೈಯಿಂದ ಎರಡೂ ಮೂಲೆ ಹಿಡಿದು ಎಳೆದರೆ ಸಲೀಸಾಗಿ ಬರುತ್ತೆ. ಗ್ಯಾಂಟ್ರಿಯ ಕತೆಯೂ ಇಷ್ಟೇ. ಸೇತುವೆ ಅಗಲವಾದಷ್ಟೂ ಒಂದು ಪಕ್ಕದಿಂದ ತಳ್ಳುವುದು ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಎರಡೂ ಪಕ್ಕದಲ್ಲಿ ಒಂದೊಂದು ಬಾಲ್‌ಸ್ಕ್ರೂ. ನಮ್ಮ ಯಂತ್ರದಲ್ಲಿ ಆ ಎರಡು ಸ್ಕ್ರೂಗಳ ನಡುವಿನ ದೂರ 800 ಮಿಲಿಮೀಟರ್. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಲೆಕ್ಕಕ್ಕೆ ಬೇಕು.

ಎರಡು ಸ್ಕ್ರೂ ತಿರುಗಿಸೋಕೆ ಎರಡು ದಾರಿ. ಒಂದೇ ಮೋಟಾರು ಇಟ್ಟು, ಎರಡೂ ಸ್ಕ್ರೂಗಳನ್ನು ಹಲ್ಲಿನ ಬೆಲ್ಟಿನಿಂದ ಕಟ್ಟಿಹಾಕುವುದು ಒಂದು. ಬೆಲ್ಟ್ ಹಲ್ಲು ಜಾರದಿದ್ದರೆ ಎರಡು ಕಡೆಗೂ ಜಗಳವೇ ಇಲ್ಲ. ಇದನ್ನು ಹಳೇ ಕಾಲದ್ದು ಅಂತ ಮೂಗು ಮುರಿಯಬೇಡಿ. ಚಿಕ್ಕ ಯಂತ್ರಕ್ಕೆ ಇಂದಿಗೂ ಇದೇ ನೆಮ್ಮದಿಯ ದಾರಿ ಅಂತ ನಮಗೆ ಈಗ ಅನ್ನಿಸುತ್ತೆ. ಇನ್ನೊಂದು, ಪ್ರತಿ ಸ್ಕ್ರೂಗೂ ಅದರದೇ ಮೋಟಾರು. ಶಕ್ತಿ ಹೆಚ್ಚು, ಬೆಲ್ಟಿನ ಗೋಜಿಲ್ಲ. ಪ್ರಾಜೆಕ್ಟ್ ಅಂದ ಮೇಲೆ ನಾವು ಎರಡನೆಯದನ್ನೇ ಆರಿಸಿದೆವು.

ಕರಾವಳಿಯವರಿಗೆ ಇದನ್ನು ವಿವರಿಸೋಕೆ ರಂಪಣಿ ಸಾಕು. ರಂಪಣಿ ಬಲೆಯ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ದೋಣಿಯಲ್ಲಿ ಬಲೆ ಇಳಿಸುತ್ತಾ ಅರ್ಧಚಂದ್ರದಂತೆ ಸುತ್ತಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತಿದ್ದರು. ಆಮೇಲೆ ಎರಡು ಗುಂಪು ಎರಡು ತುದಿ ಹಿಡಿದು ಎಳೆಯಬೇಕು. ಒಂದು ಗುಂಪು ಜಾಸ್ತಿ ಎಳೆದು, ಇನ್ನೊಂದು ಹಿಂದೆ ಬಿದ್ದರೆ ಬಲೆ ಓರೆಯಾಗಿ ಮೀನು ಜಾರುತ್ತೆ. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಕಡಿಮೆಯಾಯಿತು. ನಾವು ಕಣ್ಣಾರೆ ನೋಡಿದವರಲ್ಲ, ದೊಡ್ಡಪ್ಪನ ಬಾಯಲ್ಲಿ ಕೇಳಿದವರು. ಆದರೆ ಒಂದು ವ್ಯತ್ಯಾಸ ಗಮನಿಸಿ. ರಂಪಣಿ ಎಳೆಯುವವರಿಗೆ ಕಣ್ಣಿತ್ತು. ಆಚೆ ಗುಂಪು ಹಿಂದೆ ಬಿದ್ದದ್ದು ಕಂಡರೆ ಈಚೆಯವರು ಕೈ ಸಡಿಲಿಸಬಹುದಿತ್ತು. ನಮ್ಮ ಎರಡು ಸ್ಟೆಪ್ಪರ್ ಮೋಟಾರುಗಳಿಗೆ ಕಣ್ಣಿಲ್ಲ. ನಮ್ಮ ಹಲಗೆ ಹಾಳಾಗಿದ್ದೇ ಈ ವ್ಯತ್ಯಾಸದಿಂದ.

ತಂತಿ ಜೋಡಿಸುವಾಗ

ಸ್ಟೆಪ್ಪರ್ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತೆ. ಡ್ರೈವರಿನಲ್ಲಿ ಒಂದು ಹೆಜ್ಜೆಯನ್ನು 8 ಪಾಲು ಮಾಡಿದರೆ ಸುತ್ತಿಗೆ 1600 ಪಲ್ಸ್. ನಮ್ಮ ಸ್ಕ್ರೂ ಒಂದು ಸುತ್ತಿಗೆ 5 ಮಿಲಿಮೀಟರ್ ಮುಂದೆ ತಳ್ಳುತ್ತೆ. ಅಂದರೆ ಮಿಲಿಮೀಟರಿಗೆ 320 ಪಲ್ಸ್. ಕಂಟ್ರೋಲರ್ ಮಾಡುವುದು ಇಷ್ಟೇ: ಸೇತುವೆ 10 ಮಿಲಿಮೀಟರ್ ಹೋಗಬೇಕಾದರೆ 3200 ಪಲ್ಸ್ ಕಳಿಸಿ ಸುಮ್ಮನಾಗುತ್ತೆ. ಮೋಟಾರು ನಿಜವಾಗಿ ತಿರುಗಿತಾ ಅಂತ ಅದು ಕೇಳುವುದಿಲ್ಲ.

ಎರಡು ಮೋಟಾರಿಗೆ ಒಂದೇ ಡ್ರೈವರ್ ಸಾಕಲ್ವಾ ಅಂತ ನಮಗೂ ಅನ್ನಿಸಿತ್ತು, ದುಡ್ಡು ಉಳಿಯುತ್ತೆ ಅಂತ. ಬೇಡ. ಸೀರೀಸ್‌ನಲ್ಲಿ ಜೋಡಿಸಿದರೆ ವೋಲ್ಟೇಜ್ ಹಂಚಿಹೋಗಿ ವೇಗದಲ್ಲಿ ಶಕ್ತಿ ಬೀಳುತ್ತೆ. ಪ್ಯಾರಲಲ್ ಮಾಡಿದರೆ ಕರೆಂಟ್ ಹಂಚಿಹೋಗುತ್ತೆ, ಅದೂ ಸಮನಾಗಿ ಹಂಚುತ್ತೆ ಅನ್ನುವ ಖಾತ್ರಿಯಿಲ್ಲ. ಒಂದು ಮೋಟಾರಿಗೆ ಒಂದು ಡ್ರೈವರ್.

ಹಾಗಾದರೆ ಪಲ್ಸ್ ಹಂಚುವುದು ಹೇಗೆ? ಆರ್ಡುಯಿನೋ ಊನೋ ಮೇಲೆ ಕೂರುವ ಸಿಎನ್‌ಸಿ ಶೀಲ್ಡಿನಲ್ಲಿ ನಾಲ್ಕನೇ ಮೋಟಾರಿಗೆ ಜಾಗ ಇದೆ. ಎರಡು ಜಂಪರ್ ಹಾಕಿದರೆ ವೈಗೆ ಹೋಗುವ ಪಲ್ಸೇ ಆ ಜಾಗಕ್ಕೂ ಹೋಗುತ್ತೆ. ನಾವು ಹೊರಗಿನ ದೊಡ್ಡ ಡ್ರೈವರ್ ಬಳಸಿದ್ದರಿಂದ ಒಂದೇ ಪಿನ್ನಿನಿಂದ ಎರಡು ಡ್ರೈವರಿಗೆ ತಂತಿ ಎಳೆದೆವು. ಇಂಥ ಡ್ರೈವರಿನ ಒಳಗಿನ ಆಪ್ಟೋ ಸುಮಾರು 10 ಮಿಲಿಆಂಪಿಯರ್ ಕುಡಿಯುತ್ತೆ, ಎರಡಕ್ಕೆ 20. ಆ ಚಿಪ್ಪಿನ ಪಿನ್ ಅದನ್ನು ಕೊಡಬಲ್ಲದು, ಆದರೆ ಅಲ್ಲಿಗೆ ಅದರ ದಮ್ಮು ಹೆಚ್ಚುಕಮ್ಮಿ ಮುಗೀತು. ನಡುವೆ ಒಂದು ಬಫರ್ ಚಿಪ್ ಹಾಕಿದರೆ ನಿದ್ದೆ ಚೆನ್ನಾಗಿ ಬರುತ್ತೆ.

ಈ ಹಂತದಲ್ಲಿ ನಾವು ಮಾಡಿದ ಮೊದಲ ತಪ್ಪು ನಗು ತರಿಸುವಂಥದ್ದು. ಡ್ರೈವರಿನ ಪಕ್ಕದಲ್ಲಿರುವ ಪುಟ್ಟ ಸ್ವಿಚ್ಚುಗಳಲ್ಲಿ ಒಂದರಲ್ಲಿ 1600, ಇನ್ನೊಂದರಲ್ಲಿ 3200 ಇಟ್ಟಿದ್ದೆವು. ಮೊದಲ ಸಲ ಓಡಿಸಿದಾಗ ಬಲಪಕ್ಕ ಹೋದಷ್ಟರ ಅರ್ಧ ಎಡಪಕ್ಕ ಹೋಯಿತು. ಸೇತುವೆ ಕಿರ್ರ್ ಅಂತ ಕಿರುಚಿ ನಿಂತಿತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅನ್ನೋ ಗಾದೆಯನ್ನು ಶೆಡ್ಡಿನಲ್ಲಿ ಯಾರೋ ಹೇಳಿದರು, ಆಮೇಲೆ ಯಂತ್ರಕ್ಕೆ ಅದೇ ಹೆಸರಾಯಿತು. ಎಡದ ಮೋಟಾರು ಎತ್ತು, ಬಲದ್ದು ಕೋಣ.

ಹಾಗಾಗಿ ನೀವು ಮೊದಲ ಪರೀಕ್ಷೆಯನ್ನು ಕಪ್ಲಿಂಗ್ ಬಿಚ್ಚಿಟ್ಟು ಮಾಡಿ. ಎರಡೂ ಮೋಟಾರಿನ ಶಾಫ್ಟಿಗೆ ಬಾವುಟದಂತೆ ಒಂದೊಂದು ತುಂಡು ಟೇಪ್ ಅಂಟಿಸಿ, 50 ಮಿಲಿಮೀಟರ್ ಹೋಗು ಅನ್ನಿ. ಎರಡೂ ಬಾವುಟ ಒಂದೇ ದಿಕ್ಕಿಗೆ ಸರಿಯಾಗಿ 10 ಸುತ್ತು ತಿರುಗಿ ಹೊರಟಲ್ಲೇ ನಿಲ್ಲಬೇಕು. ಒಂದು ಉಲ್ಟಾ ತಿರುಗಿದರೆ ಅದರ ಒಂದೇ ಕಾಯಿಲಿನ ಎರಡು ತಂತಿ ಅದಲು ಬದಲು ಮಾಡಿದರೆ ಸಾಕು. ಹಲ್ಲಿನ ಪಟ್ಟಿಯ ಯಂತ್ರಗಳಲ್ಲಿ ಮೋಟಾರುಗಳು ಎದುರುಬದುರು ಕೂತಿರುವುದರಿಂದ ಒಂದು ಉಲ್ಟಾ ತಿರುಗುವುದೇ ಸರಿ, ಅದು ಬೇರೆ ಮಾತು. ತಂತಿ ಬಿಚ್ಚುವ ಮೊದಲು ಪವರ್ ಆಫ್ ಮಾಡಿ. ಕರೆಂಟ್ ಇದ್ದಾಗ ಮೋಟಾರಿನ ತಂತಿ ಕಿತ್ತರೆ ಡ್ರೈವರ್ ಸುಡುತ್ತೆ. ನಮ್ಮ ಹತ್ರ ಸುಟ್ಟದ್ದು ಒಂದಿದೆ, ಪೇಪರ್ ವೇಟ್ ಆಗಿ ಬಳಸ್ತಿದ್ದೇವೆ.

ಒಂದು ಟರ್ರ್ ಸದ್ದು

ಈಗ ಹಲಗೆಯ ವಿಷಯ. ದೊಡ್ಡಪ್ಪನಿಗೆ ಒಂದು ಮನೆಯ ದೇವರ ಕೋಣೆಗೆ ಜೋಡಿ ಬಾಗಿಲಿನ ಕೆಲಸ ಬಂದಿತ್ತು. ಎರಡು ಹಲಗೆ, ತಲಾ 400 ಮಿಲಿಮೀಟರ್ ಅಗಲ, ಹಲಸಿನ ಮರ. ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿಸಿ ಇಟ್ಟಿದ್ದ ಮರ ಅದು. ಬಳ್ಳಿಯ ಚಿತ್ತಾರ, ನಡುವೆ ಅಡ್ಡಕ್ಕೆ ಒಂದು ನೇರ ಪಟ್ಟಿ. ಬಾಗಿಲು ಮುಚ್ಚಿದಾಗ ಎಡ ಹಲಗೆಯ ಪಟ್ಟಿ ಬಲ ಹಲಗೆಯ ಪಟ್ಟಿಗೆ ಕೂಡಿ ಒಂದೇ ಗೆರೆಯಾಗಬೇಕು. ಗೃಹಪ್ರವೇಶಕ್ಕೆ ಎಂಟು ದಿನ ಉಳಿದಿತ್ತು. "ನಿಮ್ಮ ಮಿಶನ್ ಮೇಲೆ ಮಾಡ್ವ" ಅಂದರು. ಅವರು ಆ ಮಾತು ಹೇಳಿದಾಗ ನಮಗೆ ಆದ ಖುಷಿ ವೈವಾದಲ್ಲಿ ಪೂರ್ತಿ ಮಾರ್ಕ್ಸ್ ಬಂದಾಗಲೂ ಆಗಿರಲಿಲ್ಲ.

ಮೊದಲ ದಿನ ಎಡ ಹಲಗೆ ಮುಗಿಯಿತು. ಚೆಂದ ಬಂತು. ಎರಡನೇ ದಿನ ಬೆಳಿಗ್ಗೆ ಬಲ ಹಲಗೆ ಇಟ್ಟು ಸೇತುವೆಯನ್ನು ವೇಗವಾಗಿ ಹಿಂದಕ್ಕೆ ಓಡಿಸುವಾಗ ಒಂದು ಕ್ಷಣ ಟರ್ರ್ ಅಂತ ಸದ್ದು. ಕೂಡಲೇ ನಿಲ್ಲಿಸಿದೆವು. ಮೋಟಾರು ಹೆಜ್ಜೆ ತಪ್ಪಿದೆ ಅಂತ ಗೊತ್ತಾಯಿತು. ಪುಸ್ತಕದಲ್ಲಿ ಇದ್ದಂತೆ ಹೋಮಿಂಗ್ ಮಾಡಿದೆವು, ಅಂದರೆ ಸೇತುವೆಯನ್ನು ಮುಂದಿನ ತುದಿಯ ಲಿಮಿಟ್ ಸ್ವಿಚ್ಚಿಗೆ ತಾಗಿಸಿ ಅಲ್ಲಿಂದ ಮತ್ತೆ ಸೊನ್ನೆ ಎಣಿಸಿದೆವು. ಪರದೆಯ ಮೇಲೆ ಎಲ್ಲ ಸರಿ. ಮೂರೂವರೆ ತಾಸು ಕೆತ್ತಿತು.

ಸಂಜೆ ದೊಡ್ಡಪ್ಪ ಎರಡೂ ಹಲಗೆಯನ್ನು ಪಕ್ಕ ಪಕ್ಕ ಇಟ್ಟರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. "ಪಟ್ಟಿ ಕೂಡೂದಿಲ್ಲ ತಮಾ. ಕಾಲು ನೂಲು ಓರೆ ಅದೆ." ನೂಲು ಅಂದರೆ ಬಡಗಿಗಳ ಲೆಕ್ಕದಲ್ಲಿ ಇಂಚಿನ ಎಂಟನೇ ಒಂದು ಭಾಗ. ನಾವು ವರ್ನಿಯರ್ ಹಿಡಿದು ಅಳೆದೆವು. 400 ಮಿಲಿಮೀಟರ್ ಅಗಲಕ್ಕೆ ಪಟ್ಟಿ 1 ಮಿಲಿಮೀಟರ್ ಏರಿತ್ತು. ಓದುವಾಗ ಒಂದು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಎರಡು ನೇರ ಗೆರೆ ಎದುರುಬದುರು ಬಂದಾಗ ಅದು ಕಣ್ಣಿಗೆ ಚುಚ್ಚುತ್ತೆ.

ದೊಡ್ಡಪ್ಪ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬೀಡಿ ಹಚ್ಚಿ ಹೊರಗೆ ಹೋಗಿ ಕೂತರು. ಅಂಥ ಇನ್ನೊಂದು ಹಲಗೆ ಅಟ್ಟದಲ್ಲಿ ಇರಲಿಲ್ಲ.

ರೀಪು ಮತ್ತು ಎರಡು ಮೊಳೆ

ನಮಗೆ ಅರ್ಥವಾಗದ್ದು ಒಂದೇ. ಹೆಜ್ಜೆ ತಪ್ಪಿದ ಮೇಲೆ ಹೋಮಿಂಗ್ ಮಾಡಿದ್ದೆವಲ್ಲ, ಮತ್ತೆ ಓರೆ ಹೇಗೆ? ರಾತ್ರಿ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಸಾಲುಸಾಲು ಓದಿದೆವು. ತಪ್ಪು ಸಿಗಲಿಲ್ಲ, ಯಾಕೆಂದರೆ ಅಲ್ಲಿ ಇರಲಿಲ್ಲ.

ಬೆಳಿಗ್ಗೆ ದೊಡ್ಡಪ್ಪ ಬಂದು ಕೇಳಿದ್ದು: "ನಿಮ್ಮ ಮಿಶನ್ ಮೂಲೆ ಮಟ್ಟ ಅದೆಯೋ ಇಲ್ವೋ ನೋಡಿದ್ರಾ?" ಬಾಗಿಲ ಚೌಕಟ್ಟು ಜೋಡಿಸುವಾಗ ಅವರು ಮಾಡುವ ಕೆಲಸವನ್ನೇ ಯಂತ್ರದ ಮೇಲೆ ಮಾಡಿಸಿದರು. ಒಂದು ರದ್ದಿ ಪ್ಲೈವುಡ್ ಹಾಕಿ, ಚೂಪು ಬಿಟ್‌ನಿಂದ ನಾಲ್ಕು ಚುಕ್ಕೆ ಹೊಡೆಸಿದೆವು: ಎಕ್ಸ್‌ನಲ್ಲಿ 600, ವೈಯಲ್ಲಿ 800 ಮಿಲಿಮೀಟರ್ ದೂರದ ಆಯತ. ಮೂರು-ನಾಲ್ಕು-ಐದರ ಲೆಕ್ಕ, ಹಾಗಾಗಿ ಎರಡೂ ಕರ್ಣ ಸರಿಯಾಗಿ 1000 ಇರಬೇಕು. ಟೇಪಿನಿಂದ ಅಳೆಯಲು ಹೋದೆವು, ದೊಡ್ಡಪ್ಪ ತಡೆದರು. ಟೇಪು ಜಗ್ಗಿದರೆ ಒಂದು, ಬಿಟ್ಟರೆ ಒಂದು. ಒಂದು ರೀಪು ತಂದು, ಒಂದು ತುದಿಗೆ ಮೊಳೆ ಹೊಡೆದು ಅದರ ಮೊನೆಯನ್ನು ಮುಂದಿನ ಎಡ ಚುಕ್ಕೆಯಲ್ಲಿ ಕೂರಿಸಿ, ಹಿಂದಿನ ಬಲ ಚುಕ್ಕೆಗೆ ಸರಿಯಾಗಿ ಇನ್ನೊಂದು ಮೊಳೆ ಹೊಡೆದರು. ಈಗ ಆ ರೀಪನ್ನೇ ಎತ್ತಿ ಇನ್ನೊಂದು ಕರ್ಣದ ಮೇಲಿಟ್ಟರು. ಮೊಳೆ ಚುಕ್ಕೆ ದಾಟಿ ಆಚೆ ಬಿತ್ತು. "ಮುಕ್ಕಾಲು ನೂಲು" ಅಂದರು. ವರ್ನಿಯರ್ 2.4 ಮಿಲಿಮೀಟರ್ ಅಂತು.

ಇಲ್ಲಿಂದ ಲೆಕ್ಕ ನಮ್ಮದು. ಸೇತುವೆ ಓರೆಯಾಗಿ ಬಲಪಕ್ಕದ ಚುಕ್ಕೆಗಳೆರಡೂ 1 ಮಿಲಿಮೀಟರ್ ಹಿಂದಕ್ಕೆ ಸರಿದವು ಅಂದುಕೊಳ್ಳಿ. ಪೈಥಾಗೊರಸ್ ಹಾಕಿದರೆ ಒಂದು ಕರ್ಣ ಸುಮಾರು 0.8 ಉದ್ದವಾಗುತ್ತೆ, ಇನ್ನೊಂದು 0.8 ಗಿಡ್ಡವಾಗುತ್ತೆ, ವ್ಯತ್ಯಾಸ 1.6. ನಮ್ಮ ವ್ಯತ್ಯಾಸ 2.4, ಅಂದರೆ 600 ಅಗಲಕ್ಕೆ 1.5 ಮಿಲಿಮೀಟರ್ ಓರೆ. ಸ್ಕ್ರೂಗಳ ನಡುವಿನ ದೂರ 800, ಹಾಗಾಗಿ ಅಲ್ಲಿ 2 ಮಿಲಿಮೀಟರ್. ಅದೇ ಪ್ರಮಾಣದಲ್ಲಿ 400ರ ಹಲಗೆಗೆ 1 ಮಿಲಿಮೀಟರ್. ಕೂಡಿತು! ಹಿಂದಿನ ಬಲ ಮೂಲೆಗೆ ಹೋಗುವ ಕರ್ಣ ಉದ್ದ ಇದ್ದದ್ದರಿಂದ ಬಲಪಕ್ಕ 2 ಮಿಲಿಮೀಟರ್ ಮುನ್ನಡೆದಿದೆ, ಅಂದರೆ ಎಡದ್ದು ಹಿಂದೆ ಬಿದ್ದಿದೆ. ಎತ್ತು ಸೋತಿತ್ತು.

ಎಡದ್ದೇ ಯಾಕೆ? ಎಡ ಸ್ಕ್ರೂ ಇದ್ದದ್ದು ಸಮುದ್ರದ ಕಡೆಯ ಕಿಟಕಿಯ ಕೆಳಗೆ. ಗ್ರೀಸಿಗೆ ಹಲಸಿನ ಹುಡಿ ಮೆತ್ತಿ ಅಂಟಾಗಿತ್ತು, ಒರೆಸಿದರೆ ಕೆಳಗೆ ಕೆಂಪು ತುಕ್ಕಿನ ಚುಕ್ಕೆಗಳು. ಎರಡೇ ವಾರದಲ್ಲಿ! ಉಪ್ಪುಗಾಳಿಯನ್ನು ನಮ್ಮ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಎಲ್ಲೂ ಲೆಕ್ಕ ಹಾಕಿರಲಿಲ್ಲ. ಮೇಲಿಂದ ನಾವು ಖಾಲಿ ಓಟಕ್ಕೆ ಇಟ್ಟ ವೇಗ ನಿಮಿಷಕ್ಕೆ 4000 ಮಿಲಿಮೀಟರ್, ಅಂದರೆ ಮೋಟಾರು ನಿಮಿಷಕ್ಕೆ 800 ಸುತ್ತು. ಸ್ಟೆಪ್ಪರ್ ಮೋಟಾರು ನಿಧಾನಕ್ಕೆ ನಡೆದರೆ ಬಲಶಾಲಿ; ವೇಗ ಏರಿದಂತೆ ಶಕ್ತಿ ಇಳಿಯುತ್ತೆ. ಬಲದ ನಯವಾದ ಸ್ಕ್ರೂಗೆ ಆ ವೇಗ ಆಗಿಬಂತು, ಎಡದ್ದಕ್ಕೆ ಆಗಲಿಲ್ಲ.

ಹೆಜ್ಜೆ ತಪ್ಪುವುದಕ್ಕೂ ಒಂದು ಲೆಕ್ಕ ಇದೆ. ಮೋಟಾರಿನ ಒಳಗಿನ ಕಾಂತದ ಆವರ್ತ ನಾಲ್ಕು ಪೂರ್ಣ ಹೆಜ್ಜೆಗೊಮ್ಮೆ ಮರುಕಳಿಸುತ್ತೆ. ಹಾಗಾಗಿ ಜಾರಿದರೆ ನಾಲ್ಕರ ಲೆಕ್ಕದಲ್ಲೇ ಜಾರುತ್ತೆ. ನಮ್ಮಲ್ಲಿ ಒಂದು ಹೆಜ್ಜೆ 0.025, ನಾಲ್ಕಕ್ಕೆ 0.1 ಮಿಲಿಮೀಟರ್. 2 ಮಿಲಿಮೀಟರ್ ಅಂದರೆ ಇಪ್ಪತ್ತು ಸಲ ಜಾರಿದೆ. ಸ್ಕ್ರೂ ಅರ್ಧ ಸುತ್ತೂ ಹಿಂದೆ ಬಿದ್ದಿಲ್ಲ. ಒಂದು ಟರ್ರ್‌ನಲ್ಲಿ ಎಲ್ಲ ಮುಗಿದಿತ್ತು.

ಸೊನ್ನೆ ಎಲ್ಲಿಂದ?

ಈಗ ಮುಖ್ಯ ಮಾತು. ಎರಡು ಮೋಟಾರಿಗೆ ಒಂದೇ ಪಲ್ಸ್ ಕೊಟ್ಟರೆ ಅವು ಸಮನಾಗಿ ಓಡುತ್ತವೆ, ನಿಜ. ಆದರೆ ಸಮನಾಗಿ ಓಡುವುದು ಅಂದರೆ ಹೊರಡುವಾಗ ಇದ್ದ ವ್ಯತ್ಯಾಸವನ್ನು ಹಾಗೇ ಹೊತ್ತು ಓಡುವುದು. ನೇರ ನಿಂತು ಹೊರಟರೆ ಕೊನೆತನಕ ನೇರ. 2 ಮಿಲಿಮೀಟರ್ ಓರೆ ನಿಂತು ಹೊರಟರೆ ಕೊನೆತನಕ 2 ಮಿಲಿಮೀಟರ್ ಓರೆ. ಒಂದೇ ಪಲ್ಸ್ ಓರೆಯನ್ನು ಸರಿ ಮಾಡುವುದಿಲ್ಲ, ಭದ್ರವಾಗಿ ಕಾಪಾಡುತ್ತೆ.

ನಮ್ಮ ಹೋಮಿಂಗ್ ಮಾಡಿದ್ದೂ ಅದನ್ನೇ. ವೈಗೆ ನಾವು ಇಟ್ಟಿದ್ದು ಒಂದೇ ಲಿಮಿಟ್ ಸ್ವಿಚ್, ಎಡಪಕ್ಕದಲ್ಲಿ. ಎಡಪಕ್ಕ ಹೋಗಿ ಸ್ವಿಚ್ ತಾಗಿದ ಕೂಡಲೇ ಕಂಟ್ರೋಲರ್ ಎರಡನ್ನೂ ನಿಲ್ಲಿಸಿ ಸೊನ್ನೆ ಬರೆದುಕೊಂಡಿತು. ಬಲಪಕ್ಕ ಎಲ್ಲಿದೆ ಅಂತ ಯಾರೂ ಕೇಳಲಿಲ್ಲ. ಅದು 2 ಮಿಲಿಮೀಟರ್ ಆಚೆ ಇತ್ತು, ಅಲ್ಲೇ ಉಳಿಯಿತು. ಸ್ಥಾನ ಸರಿಯಾಯಿತು, ಕೋನ ಸರಿಯಾಗಲಿಲ್ಲ. ಪರದೆಯ ಮೇಲಿನ ಸೊನ್ನೆ ನಮಗೆ ಕೊಟ್ಟ ಧೈರ್ಯ ಸುಳ್ಳು ಧೈರ್ಯ.

ಪರಿಹಾರಕ್ಕೆ ಪ್ರತಿ ಪಕ್ಕಕ್ಕೂ ಅದರದೇ ಸ್ವಿಚ್ ಬೇಕು, ಪ್ರತಿ ಮೋಟಾರಿಗೂ ಕಂಟ್ರೋಲರಿನಿಂದ ಪ್ರತ್ಯೇಕ ಪಲ್ಸ್ ತಂತಿ ಬೇಕು. ಹೋಮಿಂಗ್‌ನಲ್ಲಿ ಎರಡೂ ಒಟ್ಟಿಗೆ ಹೊರಡುತ್ತವೆ. ಯಾವುದು ಮೊದಲು ತಾಗಿತೋ ಆ ಮೋಟಾರು ಮಾತ್ರ ನಿಲ್ಲುತ್ತೆ. ಇನ್ನೊಂದು ತನ್ನ ಸ್ವಿಚ್ ತಾಗುವ ತನಕ ಹೋಗುತ್ತೆ. ಆಮೇಲೆ ಎರಡೂ ಸ್ವಲ್ಪ ಹಿಂದೆ ಸರಿದು, ನಿಧಾನವಾಗಿ ಮತ್ತೊಮ್ಮೆ ತಾಗಿ, ಅಲ್ಲಿ ಸೊನ್ನೆ. ಒಂದೇ ಪಿನ್ನಿನಿಂದ ಎರಡು ಡ್ರೈವರಿಗೆ ತಂತಿ ಎಳೆದ ನಮ್ಮಂಥವರಿಗೆ ಇದು ಸಾಧ್ಯವೇ ಇಲ್ಲ, ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸೋಕೆ ಆಗುವುದಿಲ್ಲ. ಜಂಪರ್ ಹಾಕಿ ಖುಷಿಪಟ್ಟದ್ದು ಅಲ್ಲಿಗೆ ಮುಗಿಯಿತು.

ಜಿಆರ್‌ಬಿಎಲ್ ಬಳಸುವವರು ಗಮನಿಸಿ: 1.1ರ ಕೊನೆಯ ಆವೃತ್ತಿಗಳಲ್ಲಿ ಊನೋಗೂ ಈ ಜೋಡಿ ಅಕ್ಷದ ಸೌಲಭ್ಯ ಇದೆ, ಆದರೆ ಮುಚ್ಚಿಟ್ಟಿರುತ್ತೆ. ಕಾನ್ಫಿಗ್ ಫೈಲಿನಲ್ಲಿ ಆ ಸಾಲು ತೆರೆದು ಮತ್ತೆ ಕಂಪೈಲ್ ಮಾಡಬೇಕು. ಅದರಲ್ಲೊಂದು ಜಾಣತನ ಇದೆ: ಒಂದು ಸ್ವಿಚ್ ತಾಗಿದ ಮೇಲೆ ಇನ್ನೊಂದು ಇಂತಿಷ್ಟು ದೂರದೊಳಗೆ ತಾಗದಿದ್ದರೆ ಅಲಾರಂ ಕೊಟ್ಟು ನಿಲ್ಲುತ್ತೆ. ಇಲ್ಲದಿದ್ದರೆ ಸ್ವಿಚ್ ಕೆಟ್ಟ ದಿನ ಆ ಪಕ್ಕದ ಮೋಟಾರು ಸೇತುವೆಯನ್ನು ತಿರುಚುತ್ತಲೇ ಹೋದೀತು. ಲಿನಕ್ಸ್‌ಸಿಎನ್‌ಸಿಯಲ್ಲಿ 2.8ರಿಂದ ಅಕ್ಷ ಬೇರೆ, ಜಾಯಿಂಟ್ ಬೇರೆ. ವೈ ಅಕ್ಷಕ್ಕೆ ಎರಡು ಜಾಯಿಂಟ್ ಕೊಟ್ಟು, ಎರಡರ ಹೋಮ್ ಸೀಕ್ವೆನ್ಸಿಗೂ ಒಂದೇ ಋಣ ಸಂಖ್ಯೆ ಬರೆದರೆ ಕೊನೆಯ ಚಲನೆಯನ್ನು ಅವು ಒಟ್ಟಿಗೆ ಮಾಡುತ್ತವೆ. ನಾವು ಕೊನೆಗೆ ಹೋದದ್ದು ಇದಕ್ಕೆ, ಲ್ಯಾಬಿನಲ್ಲಿ ಹಳೇ ಡೆಸ್ಕ್‌ಟಾಪ್ ಒಂದು ಅನಾಥವಾಗಿ ಇತ್ತು ಅನ್ನೋ ಕಾರಣಕ್ಕೆ.

ಎರಡು ಸ್ವಿಚ್ ಹಾಕಿದ ಕೂಡಲೇ ಸೇತುವೆ ನೇರ ಆಗುತ್ತಾ? ಇಲ್ಲ. ಎರಡು ಸ್ವಿಚ್ಚುಗಳನ್ನು ಸೇರಿಸುವ ಗೆರೆ ಎಷ್ಟು ನೇರವೋ ಸೇತುವೆ ಅಷ್ಟೇ ನೇರ. ಕೈಯಿಂದ ಸ್ವಿಚ್ ಕೂರಿಸಿದರೆ ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಇದ್ದೇ ಇರುತ್ತೆ. ಮತ್ತೆ ನಾಲ್ಕು ಚುಕ್ಕೆ, ಮತ್ತೆ ರೀಪು, ಮತ್ತೆ ಅದೇ ಲೆಕ್ಕ. ಎಷ್ಟು ಬಂತೋ ಅಷ್ಟು ಮುನ್ನಡೆದ ಪಕ್ಕದ ಸ್ವಿಚ್ಚನ್ನು ಸೊನ್ನೆಯ ಕಡೆಗೆ ಸರಿಸಬೇಕು. ಅಥವಾ ಆ ಜಾಯಿಂಟಿನ ಹೋಮ್ ಆಫ್‌ಸೆಟ್ ಸಂಖ್ಯೆ ಬದಲಿಸಿದರೂ ಸಾಕು. ನಾವು ಮೂರನೇ ಸುತ್ತಿಗೆ ಎರಡು ಕರ್ಣದ ವ್ಯತ್ಯಾಸವನ್ನು ಕಣ್ಣಿಗೆ ಕಾಣದಷ್ಟಕ್ಕೆ ತಂದೆವು.

ಸ್ವಿಚ್ಚಿನ ತಂತಿಯ ಬಗ್ಗೆ ಒಂದು ಮಾತು. ಪಿನ್ ಉಳಿಸೋಕೆ ಎರಡೂ ಸ್ವಿಚ್ಚನ್ನು ಒಂದೇ ತಂತಿಗೆ ಜೋಡಿಸುವವರಿದ್ದಾರೆ. ಹಾಗೆ ಮಾಡಿದರೆ ಯಾವ ಪಕ್ಕ ತಾಗಿತು ಅಂತ ಕಂಟ್ರೋಲರಿಗೆ ಗೊತ್ತಾಗುವುದಿಲ್ಲ, ಎಲ್ಲ ಶ್ರಮ ವ್ಯರ್ಥ. ಇನ್ನು ಸ್ವಿಚ್ ಸದಾ ಕೂಡಿದ್ದು, ತಾಗಿದಾಗ ಬಿಡುವ ಬಗೆಯದಾಗಿರಲಿ. ತಂತಿ ಕಡಿದರೆ ಯಂತ್ರ ಅದನ್ನು ಸ್ವಿಚ್ ತಾಗಿದಂತೆಯೇ ತಿಳಿದು ನಿಲ್ಲುತ್ತೆ. ಉಲ್ಟಾ ಬಗೆಯದು ತಂತಿ ಕಡಿದರೂ ಸುಮ್ಮನಿರುತ್ತೆ, ಬೇಕಾದ ದಿನ ಕೈ ಕೊಡುತ್ತೆ. ಡ್ರೈವರಿನಲ್ಲಿ ಅಲಾರಂ ತಂತಿ ಇದ್ದರೆ ಅದನ್ನೂ ಜೋಡಿಸಿ. ಒಂದು ಡ್ರೈವರ್ ಸತ್ತರೆ ಇನ್ನೊಂದು ಆ ಕ್ಷಣವೇ ನಿಲ್ಲಬೇಕು. ಒಂಟಿ ಎತ್ತು ಬಂಡಿ ಎಳೆಯುತ್ತಾ ಹೋದರೆ ನೊಗವೇ ಮುರಿಯುತ್ತೆ.

ಪವರ್ ಹಾಕಿದಾಗಿನ ಒಂದು ಸಣ್ಣ ವಿಷಯ. ಆಫ್ ಇದ್ದ ಮೋಟಾರಿಗೆ ಕರೆಂಟ್ ಬಂದ ಕೂಡಲೇ ಅದು ಡ್ರೈವರ್ ಹೇಳಿದ ಹತ್ತಿರದ ಜಾಗಕ್ಕೆ ಟಕ್ ಅಂತ ಹಾರುತ್ತೆ, ಆಚೆಗೋ ಈಚೆಗೋ ಹೆಚ್ಚೆಂದರೆ ಎರಡು ಹೆಜ್ಜೆ. ನಮ್ಮ ಸ್ಕ್ರೂಗೆ ಅದು 0.05 ಮಿಲಿಮೀಟರ್, ಮರಗೆಲಸಕ್ಕೆ ಲೆಕ್ಕವಿಲ್ಲ. ಆದರೆ ಬೆಲ್ಟು ಅಥವಾ ಹಲ್ಲಿನ ಪಟ್ಟಿಯ ಯಂತ್ರದಲ್ಲಿ ಒಂದು ಸುತ್ತಿಗೆ ಸೇತುವೆ ಬಹಳ ದೂರ ಹೋಗುವುದರಿಂದ ಅದೇ ಎರಡು ಹೆಜ್ಜೆ ದೊಡ್ಡದಾಗುತ್ತೆ. ಮೇಲಾಗಿ ಅಂಥ ಯಂತ್ರದಲ್ಲಿ ಆಫ್ ಇದ್ದಾಗ ಯಾರಾದರೂ ಒರಗಿದರೂ ಸೇತುವೆ ಓರೆಯಾದೀತು. ಸ್ವಿಚ್ ಹಾಕುವಷ್ಟು ದುಡ್ಡಿಲ್ಲದವರಿಗೆ ಬಡವರ ಹೋಮಿಂಗ್ ಇದೆ: ಮುಂದಿನ ತುದಿಯಲ್ಲಿ ಮೂಲೆಮಟ್ಟ ಹಿಡಿದು ಎರಡು ಗಟ್ಟಿ ತಡೆ ಕೂರಿಸಿ, ಆಫ್ ಇದ್ದಾಗ ಸೇತುವೆಯನ್ನು ಎರಡಕ್ಕೂ ಒತ್ತಿ ಹಿಡಿದು ಆಮೇಲೆ ಪವರ್ ಹಾಕುವುದು.

ದೊಡ್ಡ ಯಂತ್ರಗಳಲ್ಲಿ

ಬೆಂಗಳೂರಿಗೆ ಯಂತ್ರ ಕಟ್ಟುವ ಪಾಠ ಹೊಸದಲ್ಲ. 1953ರಲ್ಲಿ ಎಚ್‌ಎಂಟಿ ಬಂತು, 1962ರಲ್ಲಿ ತುಮಕೂರು ರಸ್ತೆಯ ಸಿಎಂಟಿಐ; ಆಗ ಅದರ ಹೆಸರು ಕೇಂದ್ರೀಯ ಮೆಷೀನ್ ಟೂಲ್ ಸಂಸ್ಥೆ. ಕಾರ್ಖಾನೆಗಳ ದೊಡ್ಡ ಗ್ಯಾಂಟ್ರಿ ಮಿಲ್ಲಿಂಗ್ ಯಂತ್ರಗಳಲ್ಲಿ ಸ್ಟೆಪ್ಪರ್ ಬದಲು ಸರ್ವೋ ಮೋಟಾರು ಇರುತ್ತೆ, ಅಂದರೆ ಪ್ರತಿ ಪಕ್ಕಕ್ಕೂ ಎನ್‌ಕೋಡರ್ ಅನ್ನುವ ಕಣ್ಣು. ಸೀಮೆನ್ಸ್ ಕಂಟ್ರೋಲರಿನ ಗ್ಯಾಂಟ್ರಿ ಅಕ್ಷದಲ್ಲಿ ಎರಡು ಪಕ್ಕದ ವ್ಯತ್ಯಾಸವನ್ನು ಎಡೆಬಿಡದೆ ನೋಡುತ್ತಾ ಇರುತ್ತೆ. ಒಂದು ಮಿತಿ ದಾಟಿದರೆ ಎಚ್ಚರಿಕೆ, ಇನ್ನೊಂದು ಮಿತಿ ದಾಟಿದರೆ ಎರಡೂ ಬಂದ್. ರಂಪಣಿ ಎಳೆಯುವವರ ಕಣ್ಣು ಅಲ್ಲಿ ವಾಪಸ್ ಬಂದಿದೆ.

ಇದಕ್ಕಿಂತ ಬೇರೆಯದೊಂದು ಜೋಡಿಯೂ ಇದೆ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಭಾರೀ ಮೇಜನ್ನು ಒಂದು ಮೋಟಾರು ಎಳೆಯಲಾರದು ಅಂತ ಅದೇ ಮೇಜಿಗೆ ಇನ್ನೊಂದು ಮೋಟಾರು ಹಚ್ಚುವುದು. ಫಾನುಕ್ ಇದನ್ನು ಟ್ಯಾಂಡೆಮ್ ಕಂಟ್ರೋಲ್ ಅನ್ನುತ್ತೆ. ಅಲ್ಲಿ ಸ್ಥಾನ ನೋಡಿಕೊಳ್ಳುವುದು ಮುಖ್ಯ ಮೋಟಾರು ಮಾತ್ರ; ಎರಡನೆಯದು ಬರೀ ಬಲ ಕೊಡುತ್ತೆ, ತಾನೆಲ್ಲಿದ್ದೇನೆ ಅಂತ ಯೋಚಿಸುವುದಿಲ್ಲ. ಗಟ್ಟಿಯಾಗಿ ಬೆಸೆದ ಒಂದೇ ಮೇಜಿನ ಮೇಲೆ ಇಬ್ಬರೂ ತಂತಮ್ಮ ಸ್ಥಾನಕ್ಕೆ ಹಟ ಹಿಡಿದರೆ, ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಒಬ್ಬರ ಮೇಲೊಬ್ಬರು ತಳ್ಳಾಡುತ್ತಾ ಬಿಸಿಯಾಗುತ್ತಾರೆ. ಅಗಲವಾದ ಸೇತುವೆಯಲ್ಲಿ ಹಾಗಲ್ಲ, ಅಲ್ಲಿ ಇಬ್ಬರಿಗೂ ತಂತಮ್ಮ ಸ್ಥಾನ ಗೊತ್ತಿರಲೇಬೇಕು.

ನಡುವಿನ ದಾರಿಯಾಗಿ ಎನ್‌ಕೋಡರ್ ಇರುವ ಸ್ಟೆಪ್ಪರ್ ಮೋಟಾರುಗಳು ಈಗ ಸಿಗುತ್ತವೆ. ಹೆಜ್ಜೆ ತಪ್ಪಿದರೆ ತಾನೇ ಸರಿಮಾಡಿಕೊಳ್ಳುತ್ತೆ, ಆಗದಿದ್ದರೆ ಅಲಾರಂ ಕೊಡುತ್ತೆ. ಮುಂದಿನ ಯಂತ್ರಕ್ಕೆ ಅದನ್ನೇ ಹಾಕುವ ಮನಸ್ಸಿದೆ. ಆದರೂ ಹೊರಡುವಾಗಲೇ ಓರೆ ನಿಂತಿದ್ದರೆ ಅದೂ ಅದೇ ಓರೆಯನ್ನು ಇನ್ನಷ್ಟು ನಿಷ್ಠೆಯಿಂದ ಕಾಪಾಡುತ್ತೆ, ಅಷ್ಟೇ.

ಹಲಗೆ ಏನಾಯಿತು ಅಂತ ಕೇಳ್ತೀರಿ. ಅದು ಸಾಕಷ್ಟು ದಪ್ಪ ಇತ್ತು. ಸ್ಕ್ರೂ ಒರೆಸಿ, ಕಿಟಕಿಗೆ ತಗಡು ಹೊಡೆದು, ವೇಗವನ್ನು 4000ದಿಂದ 2500ಕ್ಕೆ ಇಳಿಸಿ, ಎರಡು ಸ್ವಿಚ್ ಹಾಕಿ, ರೀಪಿನ ಪರೀಕ್ಷೆ ಮುಗಿಸಿ, ಹಲಗೆಯನ್ನು ಮಗುಚಿ ಹಿಂಬದಿಯಲ್ಲಿ ಮತ್ತೆ ಕೆತ್ತಿದೆವು. ಗೃಹಪ್ರವೇಶದ ಹಿಂದಿನ ರಾತ್ರಿ ಬಾಗಿಲು ಕೂತಿತು, ಪಟ್ಟಿ ಕೂಡಿತು. ಓರೆ ಚಿತ್ತಾರ ಈಗ ಒಳಗಡೆಗಿದೆ. ಬಾಗಿಲು ಮುಚ್ಚಿದ ಮೇಲೆ ಅದು ಕಾಣುವುದು ದೇವರಿಗೆ ಮಾತ್ರ.

ರೀಪು ಯಂತ್ರದ ಕಾಲಿಗೆ ನೇತು ಹಾಕಿದೆ. ನಾಲ್ಕು ಚುಕ್ಕೆಯ ಪ್ರೋಗ್ರಾಂ ಸೇವ್ ಮಾಡಿ, ಯಾವ ಬಟನ್ ಒತ್ತಬೇಕು ಅಂತ ದೊಡ್ಡಪ್ಪನಿಗೆ ತೋರಿಸಿ ಬಂದಿದ್ದೆವು. ಮಳೆಗಾಲ ಶುರುವಾದ ಮೇಲೆ ಅವರ ಫೋನ್ ಬಂತು: "ಮೊಳೆ ಕೂರೂದಿಲ್ಲ ತಮಾ, ಅರ್ಧ ನೂಲು ಬಿಡ್ತದೆ." ಸ್ವಿಚ್ಚಿನ ಕಾಂಟಾಕ್ಟಿಗೆ ತುಕ್ಕು ಹಿಡಿದಿರಬೇಕು. ಬರುವ ಶನಿವಾರ ಹೊರಟಿದ್ದೇವೆ, ಬ್ಯಾಗಿನಲ್ಲಿ ಗಾಳಿ ನೀರು ಒಳಗೆ ಹೋಗದ ಎರಡು ಪ್ರಾಕ್ಸಿಮಿಟಿ ಸ್ವಿಚ್ಚು, ಒಂದು ಡಬ್ಬಿ ಗ್ರೀಸು.